ಗಟ್ಟಿ ಮನುಷ್ಯರು ಬೇಕಾಗಿದ್ದಾರೆ

ನಮ್ಮ ಊರಿನಲ್ಲಿ ಒಂದೇ ಉಸಿರಿನಲ್ಲಿ ಹೇಳಿದ್ದು ಮಾತ್ರ ಮಾತು. ನಡುವೆ ಉಸಿರೆಳೆದುಕೊಂಡರೆ ಅದು ಬರೀ ಹರಟೆ. “ನಾಳೆ ಕೊಡ್ತೀನಿ” ಎನ್ನುವಾಗ ನಾಳೆಗೂ ಕೊಡುವುದಕ್ಕೂ ನಡುವೆ ಕೆಮ್ಮಿದವನ ಮೇಲೆ ಯಾರೂ ದೂರು ಹೇಳುವಂತಿಲ್ಲ. ಹಾಗಾಗಿ ಮಕ್ಕಳಿಗೆ ನಾಲ್ಕು ವರ್ಷ ತುಂಬಿದ ಕೂಡಲೇ ಬಾವಿಗೆ ಇಳಿಸಿ ಉಸಿರು ಕಟ್ಟುವುದನ್ನು ಕಲಿಸುತ್ತೇವೆ. ನೆಗಡಿಯ ಕಾಲದಲ್ಲಿ ಮದುವೆಯ ಮಾತುಕತೆ ಇಡುವುದಿಲ್ಲ. ಉಬ್ಬಸವಿರುವವರು ಚಿಕ್ಕ ಚಿಕ್ಕ ಮಾತು ಕೊಟ್ಟು, ಕೊಟ್ಟಿದ್ದನ್ನು ತಪ್ಪದೆ ನಡೆಸಿ, ಊರಿನಲ್ಲೇ ಹೆಚ್ಚು ನಂಬಿಕಸ್ತರು ಎನಿಸಿಕೊಂಡಿದ್ದಾರೆ. ಉದ್ದ ಉಸಿರಿನವರಿಗೆ ಆ ಹೆಸರು ಬರುವುದು ಕಷ್ಟ. ನನಗಂತೂ ಬರಲಿಲ್ಲ.

ನನ್ನ ಹೆಸರು ಓಬಳೇಶ. ನಮ್ಮದು ಮೌರಿ ಊದುವವರ ಮನೆ. ಅಪ್ಪ ಮದುವೆಯ ದಿಬ್ಬಣದ ಮುಂದೆ ಊದುತ್ತಾ ಹೊರಟರೆ ಗಂಡಿನ ಮನೆಯಿಂದ ಛತ್ರದವರೆಗೆ ಒಂದೇ ಎಳೆ, ಎಲ್ಲೂ ಕಡಿಯುತ್ತಿರಲಿಲ್ಲ. ಅದೇ ಎದೆಗೂಡು ನನಗೂ ಬಂದಿತ್ತು. ಆದರೆ ಮೌರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಕೆಲಸ. ಸಾಲದ ಪತ್ರ ಓದುವುದಕ್ಕೆ ಹನ್ನೆರಡು ತಿಂಗಳೂ ಕೆಲಸ. ಊರಿನ ದೊಡ್ಡ ಸಾಲದಂಗಡಿಯನ್ನು ಎಲ್ಲರೂ ಮೂರ್ಮಹಡಿ ಎಂದೇ ಕರೆಯುತ್ತಿದ್ದರು. ಸೈಕಲ್ಲು, ಹೊಲಿಗೆ ಮಿಷಿನ್ನು, ಪಾತ್ರೆ, ಸ್ಕೂಟರು ಎಲ್ಲವನ್ನೂ ಅಲ್ಲಿ ಕಂತಿನ ಮೇಲೆ ಕೊಡುತ್ತಿದ್ದರು. ಅದರ ಮಾಲೀಕರು ಶಾಂತಮಲ್ಲಪ್ಪ. ಅವರು ನನ್ನನ್ನು ಬಾವಿಯಲ್ಲಿ ಮುಳುಗಿಸಿ, ಮೇಲೆ ಕಟ್ಟೆಯ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದು ಮುಗಿಸಿದರು. ನಾನಿನ್ನೂ ಒಳಗೇ ಇದ್ದೆ. ಆವತ್ತೇ ಕೆಲಸಕ್ಕೆ ಸೇರಿಸಿಕೊಂಡರು.

ಮೂರ್ಮಹಡಿಯ ಪತ್ರದಲ್ಲಿ ನೂರ ಹನ್ನೆರಡು ಸಾಲು. ಅದನ್ನು ಅಂಗಡಿಯವರ ಪರವಾಗಿ ಒಂದೇ ಉಸಿರಿನಲ್ಲಿ ಓದಿಬಿಟ್ಟರೆ, ಎದುರು ಕೂತವರು ಹೂಂ ಅಂದರೆ, ಅವರು ಸಾಲಕ್ಕೆ ಕಟ್ಟುಬಿದ್ದ ಹಾಗೆ. ಐದು ದಿನದಲ್ಲಿ ನನಗೆ ಅದು ಬಾಯಿಪಾಠವಾಯಿತು. ನಾನು ಶುರುಮಾಡಿದರೆ ಕಲ್ಲಿನ ಮೇಲೆ ನೀರು ಹರಿದ ಹಾಗೆ ಹರಿಯುತ್ತಿತ್ತು. ಕೇಳುವವರು ನಡುವೆ ಕೈ ಎತ್ತಿ ನಿಲ್ಲಿಸಬಹುದು ಅಂತ ನಿಯಮವೂ ಇತ್ತು. ಎತ್ತಿದರೆ ನಾನು ಮತ್ತೆ ಮೊದಲನೆಯ ಸಾಲಿನಿಂದ ಓದಬೇಕಿತ್ತು. ಆದರೆ ಯಾರು ಎತ್ತುತ್ತಾರೆ? ಹಿಂದೆ ಸರತಿಯಲ್ಲಿ ಇಪ್ಪತ್ತು ಜನ ನಿಂತಿರುತ್ತಿದ್ದರು. ಕೈ ಎತ್ತಿದವನಿಗೆ “ಇಷ್ಟೂ ತಿಳಿಯಲ್ವ ಮಾರಾಯ?” ಎನ್ನುತ್ತಿದ್ದರು. ಹಾಗಾಗಿ ಎಲ್ಲರೂ ಎರಡನೆಯ ಸಾಲಿನಿಂದಲೇ ತಲೆಯಾಡಿಸುತ್ತಿದ್ದರು. ಒಂಬತ್ತು ವರ್ಷದಲ್ಲಿ ನನ್ನನ್ನು ಒಬ್ಬರೂ ನಿಲ್ಲಿಸಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ಇಂಥ ಪತ್ರಗಳನ್ನು ಕೇಳಿ, ಜನಕ್ಕೆ ಅನ್ಯಾಯವಾಗದಂತೆ ನೋಡಿಕೊಳ್ಳುವುದಕ್ಕೆ ಸರ್ಕಾರದ್ದೇ ಒಂದು ಕಚೇರಿ ಇತ್ತು. ಪುರಸಭೆಯ ಮೆಟ್ಟಿಲ ಕೆಳಗಿನ ಕೋಣೆ. ಬಾಗಿಲ ಮೇಲೆ ‘ಸಾಲ ಕಾವಲು ಕಚೇರಿ’ ಎಂಬ ಹಲಗೆ. ಅದರ ಅಧಿಕಾರಿ ಬೆಳಿಗ್ಗೆ ಬಂದು ಪಾರಿವಾಳಕ್ಕೆ ಕಾಳು ಹಾಕಿ, ಮಧ್ಯಾಹ್ನದವರೆಗೆ ಪತ್ರಿಕೆ ಓದಿ, ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಒಳ್ಳೆಯ ಮನುಷ್ಯರು. ಹತ್ತೊಂಬತ್ತು ವರ್ಷ ಯಾರಿಗೂ ತೊಂದರೆ ಕೊಡದೆ ನಿವೃತ್ತರಾದರು. ಅವರ ಜಾಗಕ್ಕೆ ಹೊಸಬರನ್ನು ಆರಿಸಿಕೊಳ್ಳಿ ಎಂದು ಸರ್ಕಾರದಿಂದ ಕಾಗದ ಬಂತು. ಪುರಸಭೆಯ ಅಧ್ಯಕ್ಷೆ ಫಾತಿಮಾಬಿ ಅದನ್ನು ಕಟ್ಟೆಯ ಮೇಲೆ ನಿಂತು ಓದಿದರು. ಕಾಗದದಲ್ಲಿ ಇದ್ದದ್ದು ಒಂದೇ ಮಾತು: ‘ಗಟ್ಟಿ ಮನುಷ್ಯರನ್ನು ನೇಮಿಸತಕ್ಕದ್ದು.’

ಅಲ್ಲಿಂದ ಹದಿನೈದು ದಿನ ಊರಿನಲ್ಲಿ ಬೇರೆ ಮಾತೇ ಇಲ್ಲ. ಗಟ್ಟಿ ಅಂದರೆ ಏನು? ಕ್ಷೌರದಂಗಡಿಯಲ್ಲಿ ಕೂತವರು ಗಟ್ಟಿ ಅಂದರೆ ಮೈಯಲ್ಲಿ ಕಸುವಿರುವವರು, ಗುಂಡುಕಲ್ಲು ಎತ್ತಿಸಿ ನೋಡೋಣ ಎಂದರು. ಹೋಟೆಲಿನಲ್ಲಿ ಕೂತವರು ಅಲ್ಲ, ಗಟ್ಟಿ ಅಂದರೆ ದನಿ, ಊರಾಚೆ ನಿಂತು ಕೂಗಿದರೆ ಇಲ್ಲಿಗೆ ಕೇಳಿಸಬೇಕು ಎಂದರು. ಒಬ್ಬ ಮುದುಕಿ ಮೊಸರು ಹೊತ್ತುಕೊಂಡು ಹೋಗುತ್ತಾ, “ನಂದೂ ಗಟ್ಟಿನೇ, ಬೇಕಾದ್ರೆ ಮಡಕೆ ಬೋರಲು ಹಾಕಿ ನೋಡಿ” ಎಂದಳು. ಕೊನೆಗೆ ಎಲ್ಲರ ಕಣ್ಣೂ ಒಬ್ಬರ ಮೇಲೆ ನಿಂತಿತು. ಇನ್‌ಸ್ಪೆಕ್ಟರ್ ರಣಧೀರಪ್ಪ. ಪೊಲೀಸು ಕೆಲಸದಿಂದ ನಿವೃತ್ತರಾಗಿದ್ದರು, ಹರೆಯದಲ್ಲಿ ಕುಸ್ತಿ ಮಾಡಿದ್ದರು, ಮೀಸೆಯ ಎರಡು ತುದಿಯ ಮೇಲೂ ಒಂದೊಂದು ನಿಂಬೆಹಣ್ಣು ನಿಲ್ಲುತ್ತಿತ್ತು. ಶಾಂತಮಲ್ಲಪ್ಪನವರಿಗೂ ಅವರೇ ಇಷ್ಟ. “ಅವರು ಬಂದ್ರೆ ಅಂಗಡಿಗೂ ಒಂದು ಗೌರವ ಕಣೋ ಓಬಳೇಶ. ಬರ್ತಾರೆ, ಮೀಸೆ ತಿರುವ್ತಾರೆ, ಹೋಗ್ತಾರೆ” ಎಂದು ನನ್ನ ಹತ್ತಿರ ಹೇಳಿ ನಕ್ಕರು. ನಾನೂ ನಕ್ಕೆ.

ಆ ಹದಿನೈದು ದಿನದ ನಡುವೆಯೇ ನನ್ನ ಅಕ್ಕನ ಮನೆಗೆ ಮೂರ್ಮಹಡಿಯವರು ಬಂದದ್ದು.

ಅಕ್ಕನ ಹೆಸರು ಹನುಮಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಭಾವ ಗಾರೆ ಕೆಲಸಕ್ಕೆ ಊರೂರು ತಿರುಗುತ್ತಿದ್ದುದರಿಂದ ಅಕ್ಕ ಒಂದು ಹೊಲಿಗೆ ಮಿಷಿನ್ನನ್ನು ಕಂತಿನ ಮೇಲೆ ತಂದು ಆರು ತಿಂಗಳಾಗಿತ್ತು. ಪತ್ರ ಓದಿದವನು ನಾನೇ. ತಮ್ಮನೇ ಓದುತ್ತಿದ್ದಾನೆಂದು ಅವಳು ಕೇಳಿಸಿಕೊಳ್ಳಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ಓದಿ ಮುಗಿಸಿದಾಗ “ಎಂಥಾ ಉಸಿರೋ ನಿಂದು, ದೃಷ್ಟಿ ಆಗ್ಬಾರ್ದು” ಎಂದು ಲಟಿಕೆ ಮುರಿದಿದ್ದಳು. ಮಿಷಿನ್ ಬಂದ ಮೇಲೆ ಆ ಬೀದಿಯ ಹೆಂಗಸರ ಕುಪ್ಪಸವೆಲ್ಲ ಅವಳ ಹತ್ತಿರವೇ. ಕಂತನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ನಾನು ಹೋದಾಗ ಮಧ್ಯಾಹ್ನ ಒಂದು ಗಂಟೆ. ಅಕ್ಕ ಮಿಷಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಅಳುವ ಮಗುವಿನ ತಲೆ ಮೇಲೆ ಇಡುತ್ತಾರಲ್ಲ ಹಾಗೆ.

“ಬೇರೆಯವರ ಬಟ್ಟೆ ಹೊಲಿದ್ರೆ ಕಂತು ಎರಡರಷ್ಟಂತೆ ಕಣೋ. ಶುರುವಿನಿಂದ ಲೆಕ್ಕ ಹಾಕಿದಾರೆ. ಬರೋ ಸೋಮವಾರದೊಳಗೆ ಕಟ್ಟದಿದ್ರೆ ಮಿಷಿನ್ ಎತ್ಕೊಂಡು ಹೋಗ್ತಾರಂತೆ. ಅರವತ್ತೆಂಟನೇ ಸಾಲಲ್ಲಿ ಐತೆ ಅಂತಾರೆ. ಐತೇನೋ?”

ನಾನು ಮನಸ್ಸಿನಲ್ಲೇ ಅರವತ್ತೆಂಟನೆಯ ಸಾಲಿಗೆ ಬಂದೆ. ‘ಗೃಹೇತರ ಸೀವನ ಕಾರ್ಯದ ಸಂದರ್ಭದಲ್ಲಿ ಸದರಿ ಕಂತು ದ್ವಿಗುಣಗೊಳ್ಳತಕ್ಕದ್ದು.’ ಸಾವಿರ ಸಲ ಓದಿದ್ದೆ. ಅಲ್ಲಿ ಹೊಲಿಗೆ ಇದೆ ಎಂಬುದೇ ನನಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

“ಐತೆ” ಅಂದೆ.

“ಮತ್ತೆ ನೀನು ಓದುವಾಗ ಒಂದು ಮಾತು ಹೇಳಬಾರ್ದಿತ್ತಾ?”

ನನಗೂ ತಿಳಿಯಲಿಲ್ಲ ಅಕ್ಕ ಎನ್ನಬೇಕಿತ್ತು. ನಾಚಿಕೆಯಾಯಿತು. ಒಂಬತ್ತು ವರ್ಷ ಊರೆಲ್ಲ ಹೊಗಳಿದ ಬಾಯಿ ಅದು. “ನೀನು ಕೈ ಎತ್ತಿ ಕೇಳ್ಬೇಕಿತ್ತು” ಎಂದುಬಿಟ್ಟೆ. ಅಕ್ಕ ಮಿಷಿನ್ನಿನ ಮೇಲೆ ಬಟ್ಟೆ ಮುಚ್ಚಿದಳು. ಉಣ್ಣು ಎನ್ನಲಿಲ್ಲ. ಆ ಮನೆಯಿಂದ ಊಟ ಮಾಡದೆ ನಾನು ಎದ್ದು ಬಂದದ್ದು ಅದೇ ಮೊದಲು.

ಆಯ್ಕೆ ಇದ್ದದ್ದು ಭಾನುವಾರ ಬೆಳಿಗ್ಗೆ, ಪುರಸಭೆಯ ದೊಡ್ಡ ಹಜಾರದಲ್ಲಿ. ಫಾತಿಮಾಬಿ ಒಂದು ಪರೀಕ್ಷೆ ಇಟ್ಟಿದ್ದರು. ಊರಿನ ಅತಿ ಉದ್ದದ ಪತ್ರವನ್ನು ಅತಿ ಉದ್ದ ಉಸಿರಿನವನು ಓದಬೇಕು. ಕೆಲಸ ಕೇಳಿ ಬಂದವರು ಒಬ್ಬೊಬ್ಬರಾಗಿ ಕೇಳಿ, ಅದರಲ್ಲಿ ತಪ್ಪೇನಿದೆ, ಸರಿಯೇನಿದೆ ಹೇಳಬೇಕು. ಆಮೇಲೆ ಏಳು ಜನ ಸದಸ್ಯರು ಕೈ ಎತ್ತಿ ಆರಿಸಬೇಕು. ಪತ್ರ ಮೂರ್ಮಹಡಿಯದು, ಓದುವವನು ನಾನು. ಶಾಂತಮಲ್ಲಪ್ಪನವರು ನನಗೊಂದು ಹೊಸ ಅಂಗಿ ಹೊಲಿಸಿಕೊಟ್ಟಿದ್ದರು. ಹಜಾರ ತುಂಬಿ ಕಿಟಕಿಯ ಮೇಲೂ ಜನ ಕೂತಿದ್ದರು. ಮೂರನೆಯ ಸಾಲಿನಲ್ಲಿ ಅಕ್ಕ ಕೂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.

ಮೊದಲು ರಣಧೀರಪ್ಪ ಬಂದರು. ಕುರ್ಚಿ ಕಿರ್ರೆಂದಿತು. ತೊಡೆಯ ಮೇಲೆ ಕೈಯೂರಿ “ಹೂಂ, ಓದಯ್ಯಾ” ಎಂದರು. ನಾನು ಓದಿದೆ. ಅವರು ಮೊದಲಿನಿಂದ ಕೊನೆಯವರೆಗೆ ಕೋಲೆಬಸವನ ಹಾಗೆ ತಲೆಯಾಡಿಸಿದರು. “ತಪ್ಪೇನಾದ್ರೂ ಕಂಡಿತಾ?” ಎಂದು ಫಾತಿಮಾಬಿ ಕೇಳಿದರೆ, “ಕಾಗದ ಸರಿಯಾಗೇ ಇದೆ. ಆದ್ರೆ ತಪ್ಪು ಮಾಡಿದವರನ್ನ ಮಾತ್ರ ನಾನು ಬಿಡೋನಲ್ಲ” ಎಂದು ಮೇಜು ಗುದ್ದಿದರು. ನೀರಿನ ಲೋಟ ಉರುಳಿ ಬಿತ್ತು. ಹಜಾರದ ತುಂಬ ಸಿಳ್ಳೆ. ಆಮೇಲೆ ಸಾಲದ ವಿಷಯದಲ್ಲಿ ಪುಸ್ತಕ ಬರೆದಿದ್ದ ಒಬ್ಬ ಪ್ರೊಫೆಸರು ಬಂದರು. ನಾನು ಓದುವಾಗ ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ತೆರೆದು, “ವಿಷಯ ಸೂಕ್ಷ್ಮವಾಗಿದೆ” ಎಂದರು. ಅಷ್ಟಕ್ಕೇ ಚಪ್ಪಾಳೆ ಬಿತ್ತು.

ಮೂರನೆಯವರಾಗಿ ಬಂದವರು ಕಾಂಪೌಂಡರ್ ವನಜಾಕ್ಷಮ್ಮ. ಅವರನ್ನು ಕಂಡು ಜನ ಸ್ವಲ್ಪ ನಕ್ಕರು, ಪ್ರೀತಿಯಿಂದಲೇ. ಸರ್ಕಾರಿ ಆಸ್ಪತ್ರೆಯ ಔಷಧಿ ಕೊಡುವ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತಿದ್ದ ಕುಳ್ಳನೆಯ ಹೆಂಗಸು. ಊರಿನಲ್ಲಿ ಅವರ ಕೈಯಿಂದ ಕಹಿ ಔಷಧಿ ಕುಡಿಯದ ಮಗುವಿಲ್ಲ. ಡಾಕ್ಟರು ಗೀಚಿ ಕಳಿಸಿದ ಚೀಟಿ ಓದಲು ಬಾರದಿದ್ದರೆ ಅವರು ಔಷಧಿ ಕೊಡುತ್ತಲೇ ಇರಲಿಲ್ಲ. “ಹೋಗಿ, ಬಿಡಿಸಿ ಬರೆದುಕೊಡೋಕೆ ಹೇಳಿ” ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಒಮ್ಮೆ ದೊಡ್ಡ ಡಾಕ್ಟರ ಒಂದೇ ಚೀಟಿ ಏಳು ಸಲ ಹಿಂದಕ್ಕೆ ಹೋಗಿ, ಎಂಟನೆಯ ಸಲ ಡಾಕ್ಟರೇ ಕಿಟಕಿಗೆ ಬಂದು, ತಾವು ಬರೆದದ್ದನ್ನು ತಾವೇ ನೋಡಿ, “ಅಯ್ಯೋ, ಇದು ತಪ್ಪಾಗಿದೆ” ಎಂದರಂತೆ.

ವನಜಾಕ್ಷಮ್ಮ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟರು. ಕನ್ನಡಕ ಒರೆಸಿ ಹಾಕಿಕೊಂಡರು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, “ಶುರು ಮಾಡಪ್ಪ” ಎಂದರು.

ನಾನು ಉಸಿರೆಳೆದುಕೊಂಡು ಶುರುಮಾಡಿದೆ. ಪತ್ರದ ಮೂರನೆಯ ಸಾಲಿನಲ್ಲೇ ವನಜಾಕ್ಷಮ್ಮನವರ ಕೈ ಮೇಲೆದ್ದಿತು.

ನನಗೆ ನಿಲ್ಲಿಸಿ ಅಭ್ಯಾಸವೇ ಇರಲಿಲ್ಲ. ಇನ್ನೂ ಆರು ಸಾಲು ಓದಿಬಿಟ್ಟಿದ್ದೆ. ಉಳಿದ ಉಸಿರು ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಸುಯ್ಯೆಂದು ಹೋಯಿತು. ಜನ ಗೊಳ್ಳೆಂದರು.

“‘ಅಧಮರ್ಣನ ಉಪಭೋಗಾಧೀನ’ ಅಂದ್ಯಲ್ಲ, ಹಾಗಂದ್ರೆ ಏನು?”

ನಾನು ಶಾಂತಮಲ್ಲಪ್ಪನವರ ಕಡೆ ನೋಡಿದೆ. ಅವರು ಎದ್ದು ನಿಂತರು. “ಅವನ ಕೆಲಸ ಓದೋದು ತಾಯಿ, ಅರ್ಥ ಹೇಳೋದಲ್ಲ.”

“ಸರಿ ಸ್ವಾಮಿ. ಗೊತ್ತಿರೋರು ಯಾರಾದ್ರೂ ಹೇಳಿ, ಪರವಾಗಿಲ್ಲ.”

ಯಾರೂ ಹೇಳಲಿಲ್ಲ. ಪ್ರೊಫೆಸರು ಕಣ್ಣು ಮುಚ್ಚಿಕೊಂಡರು. ವನಜಾಕ್ಷಮ್ಮ ಚೀಲದಿಂದ ಒಂದು ಚೀಟಿ ತೆಗೆದು ‘ಮೂರು’ ಎಂದು ಬರೆದುಕೊಂಡರು. “ಮತ್ತೆ ಮೊದಲಿಂದ ಓದಪ್ಪ.”

ಓದಿದೆ. ಐದನೆಯ ಸಾಲಿನಲ್ಲಿ ಕೈ. ಮತ್ತೆ ಓದಿದೆ. ಒಂಬತ್ತರಲ್ಲಿ ಕೈ. ಪ್ರತಿ ಸಲವೂ ಅದೇ ಮಾತು, ಅದೇ ದನಿ: “ನಂಗೆ ಅರ್ಥ ಆಗ್ಲಿಲ್ಲ.” ಅದರಲ್ಲಿ ಕೋಪವಿಲ್ಲ, ಸಂಕೋಚವಿಲ್ಲ, ಬಾಯಾರಿದೆ ನೀರು ಕೊಡಿ ಎಂದು ಕೇಳಿದ ಹಾಗೆ. ಮೊದಮೊದಲು ಜನ ನಕ್ಕರು. ಆಮೇಲೆ “ಥೋ, ಹೊತ್ತಾಯ್ತು” ಎಂದು ಗೊಣಗಿದರು. ಇಪ್ಪತ್ತನೆಯ ಸಾಲಿನ ಹೊತ್ತಿಗೆ ಗೊಣಗಾಟವೂ ನಿಂತಿತು. ಸಾಲಿನ ಮೇಲೆ ಸಾಲು ಅರ್ಥ ಹೇಳುವವರಿಲ್ಲದೆ ಚೀಟಿಯ ಮೇಲೆ ಇಳಿಯುತ್ತಿದ್ದುದನ್ನು ಎಲ್ಲರೂ ಕತ್ತು ನೀಡಿ ನೋಡತೊಡಗಿದರು. ನನ್ನ ಗಂಟಲು ಒಣಗಿತ್ತು. ಅವರು ಅದನ್ನು ಗಮನಿಸಿ ಚೀಲದಿಂದ ಒಂದು ಚೂರು ಜ್ಯೇಷ್ಠಮಧು ತೆಗೆದುಕೊಟ್ಟರು. “ಅಗೀಬೇಡ, ದವಡೇಲಿ ಇಟ್ಕೋ” ಎಂದರು.

ಶಾಂತಮಲ್ಲಪ್ಪನವರಿಗೆ ತಡೆಯಲಾಗಲಿಲ್ಲ. “ಅಧ್ಯಕ್ಷರೇ, ಇದೆಂಥಾ ಪರೀಕ್ಷೆ? ಗಟ್ಟಿ ಮನುಷ್ಯರು ಬೇಕು ಅಂತ ಸರ್ಕಾರ ಕೇಳಿದೆ. ಇವರಿಗೆ ಒಂದು ಸಾಲೂ ತಿಳಿಯಲ್ಲ. ಇಷ್ಟೂ ಗೊತ್ತಾಗದೋರು ಅಧಿಕಾರಿ ಆಗ್ತಾರಾ?”

ವನಜಾಕ್ಷಮ್ಮ ಅವರ ಕಡೆ ತಿರುಗಿದರು. “ಗೊತ್ತಾಗಲ್ಲ ಅಂತ್ಲೇ ಕೇಳ್ತಿದೀನಿ ಸ್ವಾಮಿ. ಗೊತ್ತಿದ್ರೆ ಯಾಕೆ ಕೇಳ್ತಿದ್ದೆ? ನೀವು ಕೂತ್ಕೊಳ್ಳಿ, ನಿಂತು ನಿಂತು ಕಾಲು ನೋಯುತ್ತೆ. ಓಬಳೇಶ, ಓದಪ್ಪ.”

ಅರವತ್ತೆಂಟನೆಯ ಸಾಲು ಬಂದಾಗ ಮಧ್ಯಾಹ್ನವಾಗಿತ್ತು. ಅವರ ಕೈ ಎದ್ದಿತು. “‘ಗೃಹೇತರ ಸೀವನ ಕಾರ್ಯ’ ಅಂದ್ರೆ ಏನಪ್ಪ?”

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ಶುರುವಾಗಿತ್ತು.

“ಬೇರೆಯವರ ಬಟ್ಟೆ ಹೊಲಿದ್ರೆ ಕಂತು ಎರಡರಷ್ಟು ಅಂತ ಅರ್ಥಮ್ಮ, ಹೋದ ವಾರ ನಮ್ಮಕ್ಕನ ಮಿಷಿನ್ ಎತ್ಕೊಂಡು ಹೋಗ್ತೀವಿ ಅಂದಾಗ ನಂಗೆ ಗೊತ್ತಾಯ್ತು, ಇದೊಂದು ಬಿಟ್ರೆ ಉಳಿದ ನೂರ ಹನ್ನೊಂದು ಸಾಲಲ್ಲಿ ಒಂದೂ ನಂಗೂ ಗೊತ್ತಿಲ್ಲ, ಒಂಬತ್ತು ವರ್ಷದಿಂದ ಏನು ಓದ್ತಿದೀನಿ ಅಂತ ತಿಳೀದೇನೇ ಓದ್ತಿದೀನಿ, ಅವತ್ತು ಅಕ್ಕನಿಗೆ ನೀನು ಕೇಳ್ಬೇಕಿತ್ತು ಅಂದೆ, ತಪ್ಪು ನಂದು.”

ಹೇಳಿ ಮುಗಿದ ಮೇಲೆ ನನಗೇ ತಿಳಿದದ್ದು, ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೆ. ನಮ್ಮೂರಿನಲ್ಲಿ ಅಂಥ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಮುಗಿಯಿತು ನನ್ನ ಕೆಲಸ ಎಂದುಕೊಂಡೆ. ಆಶ್ಚರ್ಯವೆಂದರೆ ಎದೆ ಹಗುರವಾಗಿತ್ತು.

ಆಗ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ರಣಧೀರಪ್ಪ ಎದ್ದು ನಿಂತಿದ್ದರು. ಮೀಸೆ ಮುಟ್ಟಿಕೊಂಡರು, ಕೈ ಬಿಟ್ಟರು. ಕಳ್ಳರ ಮುಂದೆ ಗುಡುಗುತ್ತಿದ್ದ ಮನುಷ್ಯ ಮೆಲ್ಲಗೆ, “ನಂಗೂ ಅರ್ಥ ಆಗಿರಲಿಲ್ಲ” ಎಂದರು. “ಈ ಪತ್ರದ ಮೇಲೆ ಒಂದು ಸ್ಕೂಟರ್ ತಗೊಂಡಿದೀನಿ. ಯಾಕೆ ಕಂತು ಮುಗೀತಾನೇ ಇಲ್ಲ ಅಂತ ಮೂರು ವರ್ಷದಿಂದ ಯೋಚನೆ ಮಾಡ್ತಿದೀನಿ. ಪೊಲೀಸಿನವನು ಕೇಳಿದ್ರೆ ಜನ ಏನಂದಾರು ಅಂತ ಕೇಳ್ಲಿಲ್ಲ.”

ಯಾರೋ ಮೊದಲು ನಕ್ಕರು. ಅದು ಹಂಗಿಸುವ ನಗುವಲ್ಲ, ಭಾರ ಇಳಿಸಿಕೊಂಡವರ ನಗು. ಕಿಟಕಿಯ ಮೇಲಿದ್ದ ಸೈಕಲ್ ಅಂಗಡಿಯವನು “ನಂಗೂ ಆಗಿಲ್ಲ” ಎಂದು ಕೂಗಿದ. “ನಂಗೂ.” “ನಮ್ಮನೇಲಿ ಯಾರಿಗೂ ಆಗಿಲ್ಲ.” ಮೊಸರಿನ ಮುದುಕಿ ಎರಡೂ ಕೈ ಎತ್ತಿದಳು. ನೋಡನೋಡುತ್ತಾ ಹಜಾರದ ತುಂಬ ಕೈಗಳೇ ಕೈಗಳು, ನಗುವೋ ನಗು. ಗಂಡ ಹೆಂಡತಿಗೆ, ಮಾವ ಅಳಿಯನಿಗೆ, “ನಿಮಗೆ ತಿಳಿದಿದೆ ಅಂದ್ಕೊಂಡಿದ್ದೆ!” “ನಾನು ನಿಮಗೆ ಅಂದ್ಕೊಂಡಿದ್ದೆ!” ಎಂದು ಹೇಳಿಕೊಂಡು ಒಬ್ಬರ ಬೆನ್ನು ಒಬ್ಬರು ಬಡಿಯುತ್ತಿದ್ದರು. ಫಾತಿಮಾಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಶಾಂತಮಲ್ಲಪ್ಪನೋರೇ, ಹೋಗಲಿ, ಮೂರನೇ ಸಾಲು ನೀವೇ ಹೇಳಿಬಿಡಿ” ಎಂದರು.

ಶಾಂತಮಲ್ಲಪ್ಪ ಪತ್ರವನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಕೊನೆಗೆ ಕನ್ನಡಕ ತೆಗೆದು, “ಇದು ನಮ್ಮಪ್ಪನ ಕಾಲದ್ದು” ಎಂದರು. ಆಮೇಲೆ ಎದ್ದ ನಗುವಿಗೆ ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು.

ಏಳು ಜನರಲ್ಲಿ ಆರು ಜನ ವನಜಾಕ್ಷಮ್ಮನವರಿಗೆ ಕೈ ಎತ್ತಿದರು. ಏಳನೆಯವರು ಪ್ರೊಫೆಸರ ಭಾವಮೈದುನ, ಅವರದು ಅವರ ಧರ್ಮ. ರಣಧೀರಪ್ಪನವರೇ ಮೊದಲು ಹೋಗಿ ಕೈ ಮುಗಿದರು. “ಅಮ್ಮಾ, ಅಲ್ಲಿ ನನಗೇನಾದ್ರೂ ಕೆಲಸ ಇದ್ರೆ ಹೇಳಿ. ಮನೇಲಿ ಕೂತು ಬೇಜಾರು” ಎಂದರು. “ಇದೆ ಬನ್ನಿ. ಕೈ ಎತ್ತಿದವರನ್ನ ಯಾರೂ ಹಂಗಿಸದ ಹಾಗೆ ನೋಡ್ಕೊಬೇಕು” ಎಂದರು ವನಜಾಕ್ಷಮ್ಮ. ಮರುದಿನದಿಂದಲೇ ರಣಧೀರಪ್ಪ ಊರಿನ ಸಾಲದಂಗಡಿಗಳ ಸರತಿಯ ಪಕ್ಕ ನಿಂತು, ತುಟಿ ಪಿಟಕ್ಕೆಂದವರನ್ನು ಬರೀ ಒಂದು ಸಲ ನೋಡುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಹೊಸ ಅಧಿಕಾರಿಯ ಮೊದಲ ಆಜ್ಞೆ ಎರಡೇ ಮಾತಿನದು. ಇನ್ನು ಮೇಲೆ ಸಾಲದ ಪತ್ರವನ್ನು ಕೊಡುವವರ ಉಸಿರಿನಲ್ಲಿ ಓದುವಂತಿಲ್ಲ. ತೆಗೆದುಕೊಳ್ಳುವವರ ಉಸಿರಿನಲ್ಲಿ, ತೆಗೆದುಕೊಳ್ಳುವವರೇ ಹೇಳಬೇಕು. ಇದನ್ನು ಕೇಳಿದ ದಿನ ಸಾಲದಂಗಡಿಯವರು ತಲೆಯ ಮೇಲೆ ಕೈಹೊತ್ತು ಕೂತರು. ನೂರ ಹನ್ನೆರಡು ಸಾಲು ಹೇಳುವ ಎದೆ ಯಾರಿಗಿದೆ? ಹೇಳಲಾಗದಿದ್ದರೆ ಕಡಿಮೆ ಮಾಡಬೇಕು. ಕಡಿಮೆ ಮಾಡಬೇಕಾದರೆ ಮೊದಲು ಅರ್ಥವಾಗಬೇಕು. ನನ್ನನ್ನು ಶಾಂತಮಲ್ಲಪ್ಪ ಕೆಲಸದಿಂದ ತೆಗೆಯಬೇಕೆಂದಿದ್ದರಂತೆ. ಆದರೆ ಪತ್ರ ಪೂರ್ತಿ ಬಾಯಿಗೆ ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ, ವನಜಾಕ್ಷಮ್ಮ ನನ್ನನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಕರೆಸಿಕೊಂಡರು. ಹಳೆಯ ಪಂಡಿತರೊಬ್ಬರನ್ನು ಕೂರಿಸಿಕೊಂಡು ನಾವು ಒಂದೊಂದೇ ಸಾಲನ್ನು ಬಿಡಿಸಿದೆವು. ಆ ಇಪ್ಪತ್ತು ದಿನ ನಾನು ನಕ್ಕಷ್ಟು ಯಾವಾಗಲೂ ನಕ್ಕಿಲ್ಲ. ಮೂವತ್ತೇಳನೆಯ ಸಾಲು ಸಾಲಗಾರನ ಆನೆಯನ್ನು ಎಲ್ಲಿ ಕಟ್ಟಬೇಕು ಎಂಬ ಬಗ್ಗೆ ಇತ್ತು. ತೊಂಬತ್ತನೆಯದು ಎಂಬತ್ತೊಂಬತ್ತನೆಯದನ್ನು ಓದಬೇಡಿ ಎನ್ನುತ್ತಿತ್ತು. ಅಧಮರ್ಣ ಎಂದರೆ ಸಾಲಗಾರ ಅಷ್ಟೇ. ಕೊನೆಗೆ ಇರಲೇಬೇಕಾದದ್ದು ಉಳಿದದ್ದು ಐದು ಸಾಲು.

ಉಬ್ಬಸದ ಒಬ್ಬ ಅಜ್ಜಿಯ ಪತ್ರ ಎಲ್ಲಕ್ಕಿಂತ ಚಿಕ್ಕದಾಯಿತು: “ಕೊಡೆ ತಗೊಂಡೆ, ಯುಗಾದಿಗೆ ಕೊಡ್ತೀನಿ.” ಅಜ್ಜಿ ಯುಗಾದಿಗೆ ಮೂರು ದಿನ ಮುಂಚೆಯೇ ಕೊಟ್ಟಳು. ತಿಳಿದು ತೆಗೆದುಕೊಂಡವರು ತಿಳಿದೇ ಕಟ್ಟುತ್ತಾರೆ ಎನ್ನುವುದು ಶಾಂತಮಲ್ಲಪ್ಪನವರಿಗೂ ಮೆಲ್ಲಗೆ ಅರ್ಥವಾಯಿತು. ಈಗ ಅವರು ಅಂಗಡಿಯ ಮುಂದೆ ‘ಇಲ್ಲಿ ಪತ್ರ ಗಿಡ್ಡ’ ಎಂದು ಹಲಗೆ ಹಾಕಿಸಿದ್ದಾರೆ.

ಅಕ್ಕನ ಮಿಷಿನ್ನನ್ನು ಆ ಸೋಮವಾರ ಯಾರೂ ಎತ್ತಿಕೊಂಡು ಹೋಗಲಿಲ್ಲ. ಹಳೆಯ ಪತ್ರಗಳನ್ನೆಲ್ಲ ಹೊಸದಾಗಿ ಹೇಳಿಸುವ ಸರತಿಯಲ್ಲಿ ಅವಳ ಪಾಳಿ ಬಂದದ್ದು ಒಂದು ಶುಕ್ರವಾರ. ಇಸ್ತ್ರಿ ಮಾಡಿದ ಸೀರೆಯುಟ್ಟು, ತಲೆಗೆ ಹೂ ಮುಡಿದು ಬಂದಿದ್ದಳು. ವನಜಾಕ್ಷಮ್ಮ ಪೆನ್ನು ಹಿಡಿದು ಕೂತಿದ್ದರು. ಆ ಕಚೇರಿಯಲ್ಲೇ ಉಳಿದುಬಿಟ್ಟಿದ್ದ ನಾನು ಪಕ್ಕದಲ್ಲಿ ಮುದ್ರೆ ಹಿಡಿದುಕೊಂಡಿದ್ದೆ. ಅಕ್ಕ ನನ್ನ ಜೊತೆ ಮಾತಾಡಲು ಶುರುಮಾಡಿದ್ದಳು, ಆದರೆ ಮೊದಲಿನ ಹಾಗಲ್ಲ. ಆವತ್ತು ಊಟ ಮಾಡದೆ ಎದ್ದುಬಂದ ಮೇಲೆ ನಾನಾಗಿ ಆ ಮನೆಗೆ ಹೋಗಲು ಮುಖವಿರಲಿಲ್ಲ. ಅವಳೂ ಬಾ ಎಂದಿರಲಿಲ್ಲ.

ಅಕ್ಕ ಎದೆ ತುಂಬ ಉಸಿರೆಳೆದುಕೊಂಡಳು. ಅಪ್ಪನ ಮಗಳಲ್ಲವೇ, ಎಷ್ಟು ದೊಡ್ಡ ಉಸಿರು ಎಂದು ನನಗೆ ಆಗಲೇ ತಿಳಿದದ್ದು.

“ಹೊಲಿಗೆ ಮಿಷಿನ್ ತಗೊಂಡಿದೀನಿ ತಿಂಗಳಿಗೆ ನೂರೈವತ್ತು ಕಟ್ತೀನಿ ಇನ್ನು ಹನ್ನೊಂದು ಕಂತು ಉಳಿದೈತೆ ಯಾರ ಬಟ್ಟೆ ಬೇಕಾದ್ರೂ ಹೊಲೀತೀನಿ ಕಂತು ಮುಗಿದ ದಿನದಿಂದ ಮಿಷಿನ್ ನಂದೇ” ಎಂದಳು. ಅಲ್ಲಿಗೆ ಪತ್ರ ಮುಗಿದಿತ್ತು. ನಾನು ಮುದ್ರೆ ಎತ್ತಿದೆ. ಆದರೆ ಅಕ್ಕನಿಗೆ ಇನ್ನೂ ಉಸಿರಿತ್ತು. ಅವಳು ನನ್ನ ಕಡೆ ತಿರುಗಿದಳು. “ಮತ್ತೆ ಈ ಓಬಳೇಶ ಪ್ರತಿ ಭಾನುವಾರ ತಪ್ಪದೆ ನಮ್ಮನೆಗೆ ಬಂದು ಉಣ್ಣಬೇಕು.”

ನನಗೆ ಮುದ್ರೆ ಕಾಣದಷ್ಟು ಕಣ್ಣು ಮಂಜಾಯಿತು. ವನಜಾಕ್ಷಮ್ಮ ಮಾತ್ರ ಕೈ ಎತ್ತಿದರು.

“ನಿಲ್ಲಮ್ಮ. ಊಟಕ್ಕೆ ಏನು ಮಾಡ್ತೀಯ ಅಂತ ತಿಳೀಲಿಲ್ಲ.”

ಅಕ್ಕ ಕಿಲಕಿಲ ನಕ್ಕಳು, ಸೆರಗು ಸರಿಮಾಡಿಕೊಂಡಳು, ಮುದ್ದೆ ಮತ್ತು ಅವರೆಕಾಳಿನ ಸಾರನ್ನು ಸೇರಿಸಿಕೊಂಡು ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದಳು.